ಉಗುರಿನಿಂದಾದ ಬಸಿರು

ಸೋಮವಾರ ಬೆಳಿಗ್ಗೆ ಡ್ರೂಸಿಲಾ ಮಲಿನ್ಸ್ ಹಲ್ಲಿನ ಕ್ಲಿನಿಕ್ಕಿನ ಬೀಗ ತೆಗೆಯುವುದಕ್ಕೂ, ಶರ್ಲಿ ಮಾಮ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲು ಹತ್ತುವುದಕ್ಕೂ ಸರಿಹೋಯಿತು. ಅರವತ್ತೆರಡು ವರ್ಷದ ಶರ್ಲಿ ರ‍್ಯಾಟ್ಲಿಫ್ ಆ ಬೆಟ್ಟದ ಸೀಮೆಗೆಲ್ಲ ದನದ ಹರಾಜು ಕೂಗುವವನು. ಶರ್ಲಿ ಎಂಬುದು ಹೆಂಗಸಿನ ಹೆಸರಲ್ಲವೇ ಎಂದು ಅವನ ಮುಂದೆ ಒಮ್ಮೆ ಕೇಳಿದವರುಂಟು, ಎರಡನೇ ಸಲ ಕೇಳಿದವರಿಲ್ಲ. ಅದು ಅವನ ಅಜ್ಜನ ಹೆಸರು. ಆ ಅಜ್ಜ ಕಲ್ಲಿದ್ದಲ ಗಣಿಯಲ್ಲಿ ಒಂದೇ ಗುದ್ದಿಗೆ ಹೇಸರಗತ್ತೆಯನ್ನು ಮಲಗಿಸಿದ್ದನಂತೆ. ಹಾಗೆಂದು ಹೇಳುವವನೂ ಶರ್ಲಿ ಮಾಮನೇ.

ಅವನು ಪೆಟ್ಟಿಗೆಯನ್ನು ಕೌಂಟರಿನ ಮೇಲೆ ಕುಕ್ಕಿದ. "ಡ್ರೂ, ಇದೇನು ಫ್ವಲ್ಪ ನೋಡು. ಫರ್ಕಾರದೋರು ಕಳ್ಫವ್ರೆ."

ಇದ್ದಬದ್ದ ಹಲ್ಲುಗಳನ್ನೆಲ್ಲ ಕೀಳಿಸಿಕೊಂಡು ಆರು ತಿಂಗಳಾಗಿದ್ದ ಬಾಯಿ ಅದು. ಸಕಾರ ಶಕಾರಗಳೆಲ್ಲ ಅಲ್ಲಿ ಫಕಾರವಾಗಿ ಹೊರಬೀಳುತ್ತಿದ್ದವು, ಜೊತೆಗೆ ಒಂದಿಷ್ಟು ತುಂತುರು. ಊರಿನವರೆಲ್ಲ ಅವಳನ್ನು ಡ್ರೂ ಎಂದು ಕತ್ತರಿಸಿ ಕರೆಯುವಾಗ, 'ಡ್ರೂಸಿಲಾ' ಎಂದು ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದವನು ಶರ್ಲಿ ಮಾಮನೊಬ್ಬನೇ. ಹಲ್ಲು ಹೋದ ಮೇಲೆ ಎರಡು ಸಲ 'ಡ್ರೂಫಿಲಾ' ಎಂದು ಪ್ರಯತ್ನಪಟ್ಟು, ಮೂರನೇ ಸಲ ಅವನೂ ಡ್ರೂ ಅಂದುಬಿಟ್ಟಿದ್ದ. ಅವಳು ಗಮನಿಸದವಳಂತೆ ಇದ್ದಳು. ಗಮನಿಸಿದ್ದಳು.

ಪೆಟ್ಟಿಗೆಯೊಳಗೆ ಅರ್ಧಚಂದ್ರದ ಆಕಾರದ ಒಂದು ದಿಂಬು, ಹೆಬ್ಬೆರಳಷ್ಟೇ ಉದ್ದದ ಒಂದು ಜೊತೆ ಕಾಲುಚೀಲ, ಒಂದು ಸೀಸೆ ಮಾತ್ರೆ, ಹೂವಿನ ಚಿತ್ರವಿದ್ದ ಒಂದು ಪತ್ರ. ಪತ್ರದಲ್ಲಿ ಹೀಗಿತ್ತು: 'ಪ್ರಿಯ ಶರ್ಲಿ, ಅಭಿನಂದನೆಗಳು! ನೀವು ತಾಯಿಯಾಗಲಿದ್ದೀರಿ. ನಿಮ್ಮ ವಯಸ್ಸನ್ನು ಗಮನಿಸಿ ನಿಮ್ಮನ್ನು ವಿಶೇಷ ಆರೈಕೆಯ ಪಟ್ಟಿಗೆ ಸೇರಿಸಲಾಗಿದೆ. ನಮ್ಮ ನರ್ಸ್ ಸದ್ಯದಲ್ಲೇ ನಿಮ್ಮ ಮನೆಗೆ ಬರುತ್ತಾರೆ.'

ಡ್ರೂಸಿಲಾ ಒಮ್ಮೆ ಓದಿದಳು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದಳು. ಆಮೇಲೆ ಅವನ ಹೊಟ್ಟೆಯ ಕಡೆ ನೋಡಿದಳು; ಯಾಕೆ ನೋಡಿದೆನೋ ಎಂದು ಅವಳಿಗೇ ನಾಚಿಕೆಯಾಯಿತು.

"ಮಾಮ, ಇದನ್ನ ಬೇರೆ ಯಾರಿಗಾದ್ರೂ ತೋರಿಸಿದ್ಯಾ?"

"ಪೋಫ್ಟ್‌ಮ್ಯಾನು ನೋಡ್ದ. ಗಂಡು ಮಗು ಆಗ್ಲಿ ಅಂದ್ಬಿಟ್ಟು ಹೋದ."

"ಈ ಮಾತ್ರೆ?"

"ದಿನಾ ಒಂದು ಅಂತ ಬರ್ದಿತ್ತು, ಮೂರು ನುಂಗಿದೀನಿ. ಬಿಟ್ಟಿ ಬಂದಿದ್ದನ್ನ ಬಿಡೋಕಾಗುತ್ತಾ? ಅದಿರ‍್ಲಿ, ಹಲ್ಲು ಬಂತಾ?"

ಅವನಿಗೆ ಬೇಕಿದ್ದದ್ದು ಅದೊಂದೇ. ಬರುವ ಶನಿವಾರ ದನದ ಕೊಟ್ಟಿಗೆಯಲ್ಲಿ ವಸಂತದ ದೊಡ್ಡ ಹರಾಜು. ಕೊಟ್ಟಿಗೆಯ ಯಜಮಾನ ಗ್ರೋವರ್ ಸ್ಲೋನ್ ಖಡಾಖಂಡಿತವಾಗಿ ಹೇಳಿದ್ದ, ಆ ದಿನ ಶರ್ಲಿಯ ಬಾಯಲ್ಲಿ ಹಲ್ಲಿದ್ದರೆ ಸರಿ, ಇಲ್ಲದಿದ್ದರೆ ಮೈಕು ನನ್ನ ಅಳಿಯನಿಗೆ, ಇನ್ನು ಮುಂದೆ ಅವನಿಗೇ. ಅಳಿಯ ಹರಾಜು ಕೂಗುವುದನ್ನು ಫೋನಿನಲ್ಲಿ ನೋಡಿ ಕಲಿತವನು. ಗ್ರೋವರನನ್ನು ಪೂರ್ತಿ ದೂರುವ ಹಾಗೂ ಇರಲಿಲ್ಲ. ಕಳೆದ ಹರಾಜಿನಲ್ಲಿ ಶರ್ಲಿ ಮಾಮ ಅರವತ್ತು ಅಂದನೋ ಎಪ್ಪತ್ತು ಅಂದನೋ ಯಾರಿಗೂ ತಿಳಿಯದೆ ಇಬ್ಬರು ಒಂದೇ ಕರುವಿಗೆ ಜುಟ್ಟು ಹಿಡಿದುಕೊಂಡಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ವಿಧವೆ ಮುಖದ ಮೇಲೆ ಬಿದ್ದ ತುಂತುರು ಒರೆಸಿಕೊಳ್ಳಲು ಕೈ ಎತ್ತಿ, ಒಂದು ಹೋರಿಯ ಒಡತಿಯಾಗಿ ಮನೆಗೆ ಹೋಗಿದ್ದಳು.

"ಬಂದಿದೆ. ಒಳಗೆ ಡ್ರಾಯರಿನಲ್ಲಿದೆ. ಗುರುವಾರ ಬಾ," ಅಂದಳು ಡ್ರೂಸಿಲಾ. 

ಅವನು ಪೆಟ್ಟಿಗೆ ಎತ್ತಿಕೊಂಡು, ದಿಂಬನ್ನು ಕುತ್ತಿಗೆಗೆ ಹಾಕಿಕೊಂಡು, ಹೊರಟುಹೋದ. ಅವಳು ಕಂಪ್ಯೂಟರಿನ ಮುಂದೆ ಕೂತಳು.

ಡ್ರೂಸಿಲಾಳ ಕೆಲಸ ಜನರ ನೋವನ್ನು ಅಕ್ಷರ ಅಂಕಿಗಳಿಗೆ ಇಳಿಸುವುದು. ಕೈಯಲ್ಲಿ ಕಾಸಿಲ್ಲದವರ ವೈದ್ಯದ ಖರ್ಚನ್ನು ರಾಜ್ಯವೇ ಭರಿಸುವ ಮೆಡಿಕೇಡ್ ಎಂಬ ಯೋಜನೆಯಿದೆಯಲ್ಲ, ಅದರ ಕಂಪ್ಯೂಟರಿಗೆ 'ಪಾಪ, ಹಲ್ಲುನೋವು' ಎಂದರೆ ಕಿವಿ ಕೇಳಿಸದು. ಎಲ್ಲಕ್ಕೂ ಒಂದು ಸಂಕೇತ ಬೇಕು. ಬಾತುಕೋಳಿ ಕಚ್ಚಿದರೆ ಒಂದು ಸಂಕೇತ, ಅದೇ ಬಾತುಕೋಳಿ ಕಚ್ಚದೆ ಬರೀ ಬಡಿದರೆ ಇನ್ನೊಂದು. ಇಪ್ಪತ್ತಾರು ವರ್ಷಗಳಿಂದ ಡ್ರೂಸಿಲಾ ಈ ವಿದ್ಯೆಯಲ್ಲಿ ಪಳಗಿದವಳು. ಡಾಕ್ಟರ್ ಪ್ರಾಫಿಟ್ ಹಲ್ಲು ಕೀಳುತ್ತಿದ್ದರು, ಇವಳು ಅದನ್ನು ರಾಜಧಾನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಯುತ್ತಿದ್ದಳು. ಅವಳ ಅರ್ಜಿ ತಪ್ಪೆಂದು ವಾಪಸ್ ಬಂದದ್ದಿಲ್ಲ. ಅದೊಂದು ಅವಳ ಜಂಬ; ಇನ್ಯಾವುದಕ್ಕೂ ಜಂಬಪಡುವ ಅವಕಾಶ ಅವಳಿಗೆ ಬಂದಿರಲಿಲ್ಲ ಎನ್ನಿ.

ಶರ್ಲಿ ಮಾಮನ ಹಲ್ಲಿನ ಅರ್ಜಿಯನ್ನು ಅವಳು ಮೂರು ಸಲ ಕಳಿಸಿದ್ದಳು. ಮೂರು ಸಲವೂ ಬರವಣಿಗೆ ಸರಿಯಾಗಿದೆ, ಆದರೆ ಮಂಜೂರಿಲ್ಲ ಎಂದು ಬಂದಿತ್ತು. ಕಾರಣ: 'ವಯಸ್ಕರ ಕಟ್ಟುಹಲ್ಲು ಅಲಂಕಾರದ ವಸ್ತು'. ಅಲಂಕಾರವಂತೆ! ಅದನ್ನು ಬರೆದವನ ಹಲ್ಲನ್ನು ಒಂದು ವಾರ ಡಬ್ಬಿಯಲ್ಲಿಟ್ಟುಕೊಂಡು ಆಮೇಲೆ ಮಾತಾಡಬೇಕು. ಹಲ್ಲಿಲ್ಲದೆ ಆರೋಗ್ಯ ಕೆಟ್ಟಿದೆ ಎಂದು ತೋರಿಸಿದರೆ ವಿನಾಯಿತಿ ಉಂಟು. ಅದಕ್ಕಾಗಿ ಅರ್ಜಿಯಲ್ಲಿ ಒಂದು ಪ್ರಶ್ನೆಯೂ ಇದೆ: 'ರೋಗಿಗೆ ಊಟ ಸರಿಯಾಗಿ ಸೇರುತ್ತಿದೆಯೇ?' ಡ್ರೂಸಿಲಾ ಮೂರು ಸಲವೂ ಕೇಳಿದ್ದಳು. "ಫೇರದೆ ಏನು? ಹಂದಿ ಮಾಂಫ, ಜೋಳದ ತೆನೆ, ಎಲ್ಲಾ ಹೊಡೀತೀನಿ," ಎಂದು ಮೂರು ಸಲವೂ ಅವನು ಎದೆಯುಬ್ಬಿಸಿದ್ದ. ಅವಳು 'ಹೌದು' ಎಂದು ಗುರುತು ಹಾಕಿದ್ದಳು.

ನಾಲ್ಕನೇ ಅರ್ಜಿ ಕಳಿಸಿದ್ದು ಮೂರು ವಾರದ ಹಿಂದಿನ ಶುಕ್ರವಾರ. ಅದು ಒಂದೇ ಏಟಿಗೆ ಮಂಜೂರಾಗಿತ್ತು. ಹಟ ಬಿಡದೆ ಕಳಿಸಿದ್ದಕ್ಕೆ ಅವರಿಗೇ ಬೇಸರ ಬಂದಿರಬೇಕು ಎಂದುಕೊಂಡು ಅವಳು ಆವತ್ತು ಒಂದು ಕೇಕು ಮಾಡಿ ತಂದಿದ್ದಳು. ಈಗ ಆ ಅರ್ಜಿ ತೆರೆದು ನೋಡಿದಳು. 

ಹಲ್ಲು ಹೋದವರ ಸಂಕೇತ ಇಂಗ್ಲಿಷಿನ ಕೆ ಅಕ್ಷರದಿಂದ ಶುರುವಾಗುತ್ತದೆ. ಅಲ್ಲಿ ಕೆ ಇರಲಿಲ್ಲ, ಓ ಇತ್ತು. ಓ ಎಂಬ ಆ ದುಂಡು ಅಕ್ಷರದ ಮನೆಯಲ್ಲಿ ಬಸುರಿ ಬಾಣಂತಿಯರಿಗಲ್ಲದೆ ಬೇರೆ ಯಾರಿಗೂ ಜಾಗವಿಲ್ಲ. ಕೀಲಿಮಣೆಯಲ್ಲಿ ಕೆ ಅಕ್ಷರದ ಓರೆಗೆ, ಒಂದು ಸಾಲು ಮೇಲೆ, ಓ ಕೂತಿದೆ. ಆ ಶುಕ್ರವಾರ ಡ್ರೂಸಿಲಾಳ ಬೆರಳು ಕೆ ಅಕ್ಷರದ ಮೇಲೇ ಹೋಗಿತ್ತು. ಆದರೆ ಬೆರಳಿಗಿಂತ ಮೊದಲು ಉಗುರು ಹೋಗಿತ್ತು.

ಅವಳ ತಂಗಿಯ ಮಗಳು ಕೇಲಾ ಬ್ಯೂಟಿ ಪಾರ್ಲರ್ ಕೆಲಸ ಕಲಿಯುತ್ತಿದ್ದಳು. ಪರೀಕ್ಷೆಗೆ ಮುಂಚೆ ಯಾರದಾದರೂ ಕೈ ಬೇಕಿತ್ತು. ದೊಡ್ಡಮ್ಮನ ಹತ್ತೂ ಬೆರಳಿಗೆ ಒಂದೊಂದು ಅಂಗುಲದ ಗುಲಾಬಿ ಉಗುರು ಅಂಟಿಸಿ, ತುದಿಗೆ ಹೊಳೆಯುವ ಹರಳು ಕೂರಿಸಿದ್ದಳು. ಡ್ರೂಸಿಲಾ ಬೇಡವೆಂದು ಬಾಯಿಮಾತಿಗೆ ಹೇಳಿ, ದಿನವಿಡೀ ಕೈಯನ್ನು ದೀಪಕ್ಕೆ ಹಿಡಿದು ಹಿಡಿದು ನೋಡಿಕೊಂಡಿದ್ದಳು. ಐವತ್ತೆರಡನೇ ವಯಸ್ಸಿನಲ್ಲಿ ಬಂದ ಅಷ್ಟು ಸಣ್ಣ ಆಸೆಗೆ ದೇವರು ಇಷ್ಟು ದೊಡ್ಡ ಬಸಿರನ್ನು ಕೊಡಬೇಕಿರಲಿಲ್ಲ.

ಕಂಪ್ಯೂಟರು ತಡೆಯದೆ ಬಿಟ್ಟಿರಲಿಲ್ಲ. 'ರೋಗಿ ಪುರುಷ. ಸಂಕೇತ ಸ್ತ್ರೀಯದು. ಸರಿಪಡಿಸಲೇ?' ಎಂದು ಕೇಳಿತ್ತು. ಆದರೆ ಅದು ಪ್ರತಿ ಅರ್ಜಿಗೂ ಒಂಬತ್ತು ಸಲ 'ಖಚಿತವೇ? ಖಚಿತವೇ?' ಎಂದು ಪೀಡಿಸುವ ಪ್ರಾಣಿ. ಓದುತ್ತ ಕೂತರೆ ಕೆಲಸ ಮುಗಿಯುವುದಿಲ್ಲ ಎಂದು ಆ ಕಸುಬಿನವರೆಲ್ಲ ಕಣ್ಣುಮುಚ್ಚಿ 'ಹೌದು' ಒತ್ತುತ್ತಾರೆ. ಇವಳೂ ಒತ್ತಿದ್ದಳು. ಕಂಪ್ಯೂಟರು ಸಂಕೇತವನ್ನು ಬಿಟ್ಟು ಶರ್ಲಿ ಮಾಮನನ್ನೇ ಸರಿಪಡಿಸಿತ್ತು. ಗರ್ಭಿಣಿಯರ ಹಲ್ಲಿನ ಖರ್ಚು ಪೂರ್ತಿ ರಾಜ್ಯದ್ದೇ. ಹಲ್ಲು ಬಂದದ್ದು ಹೀಗೆ.

ಡಾಕ್ಟರ್ ಪ್ರಾಫಿಟ್ ಬಂದ ಕೂಡಲೇ ಅವಳು ಎಲ್ಲವನ್ನೂ ಹೇಳಿದಳು. ಹೆಸರು ಪ್ರಾಫಿಟ್ ಆದರೂ ನಲವತ್ತು ವರ್ಷದ ವೃತ್ತಿಯಲ್ಲಿ ಲಾಭದ ಮುಖ ಕಂಡವರಲ್ಲ ಅವರು. ಪೂರ್ತಿ ಕೇಳಿಸಿಕೊಂಡು, ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕು, ಗಂಭೀರವಾದ ಮುಖ ಹೊತ್ತು ಹೊರಬಂದರು.

"ಡ್ರೂ, ಗುರುವಾರ ಹಲ್ಲು ಕೂರಿಸೋಣ. ಶುಕ್ರವಾರ ತಪ್ಪು ಕಂಡುಹಿಡಿ. ಒಂದು ನಾಲ್ಕು ದಿನ ನಿನಗೆ ಕಣ್ಣು ಕಾಣಿಸಲಿಲ್ಲ ಅಂದ್ಕೋ."

"ಕಾಣಿಸಿಬಿಟ್ಟಿದೆಯಲ್ಲ ಡಾಕ್ಟ್ರೇ."

"ಹಾಗಾದ್ರೆ ನಾನೇ ಸುಮ್ನೆ ಕೊಟ್ಟುಬಿಡ್ಲಾ?"

"ನೀವು ಕೊಟ್ರೂ ಅವನು ತಗೋಬೇಕಲ್ಲ. ಹೋದ ತಿಂಗಳು ಕೇಳಿದ್ದಕ್ಕೆ ಏನಂದ? ದಾನದ ಹಲ್ಲು ಹಾಕ್ಕೊಂಡು ಊರ ಮುಂದೆ ಬಾಯಿ ತೆಗೆಯಲ್ಲ ಅಂದ."

ಮಂಜೂರಾತಿ ಸುಳ್ಳೆಂದು ಗೊತ್ತಿದ್ದೂ ಹಲ್ಲು ಕೂರಿಸಿದರೆ ಅದು ಮೋಸ. ಮಂಜೂರಾತಿ ರದ್ದಾದರೆ ಹಲ್ಲು ಲ್ಯಾಬಿಗೆ ವಾಪಸ್. ಎರಡರ ನಡುವೆ ಡ್ರೂಸಿಲಾ ಸೋಮವಾರವನ್ನೂ ಮಂಗಳವಾರವನ್ನೂ ಕಳೆದಳು. ರದ್ದುಮಾಡುವ ಗುಂಡಿಯ ಮೇಲೆ ಬೆರಳಿಡುವಳು, ಡ್ರಾಯರು ತೆರೆದು ಆ ಹಲ್ಲಿನ ಜೊತೆಯನ್ನು ನೋಡುವಳು, ಗುಂಡಿಯಿಂದ ಬೆರಳು ತೆಗೆಯುವಳು. ಹಲ್ಲು ಡಬ್ಬಿಯೊಳಗಿಂದ ಹಲ್ಲು ಕಿರಿಯುತ್ತಿತ್ತು. ಅದಕ್ಕೇನು, ಅದರ ಕೆಲಸವೇ ಅದು.

ಮಂಗಳವಾರ ಸಂಜೆ ಶರ್ಲಿ ಮಾಮನ ಫೋನು ಬಂತು. "ಡ್ರೂ, ನಾಳೆ ಹತ್ತಕ್ಕೆ ನರ್ಫಮ್ಮ ಬರ್ತಾಳಂತೆ. ಬಫುರಿ ಅಂತ ಹಲ್ಲು ಕೊಟ್ಟವ್ರೆ, ನಂಗೆ ಎಲ್ಲಾ ಅರ್ಥ ಆಯ್ತು. ನೀನು ಏನೂ ಹೆದರ‍್ಬೇಡ. ನಾನು ನೋಡ್ಕೋತೀನಿ."

ಅವನು ನೋಡಿಕೊಳ್ಳುತ್ತೇನೆ ಅಂದದ್ದೇ ಅವಳಿಗೆ ದಿಗಿಲು ಹುಟ್ಟಿಸಿತು. ಬುಧವಾರ ಒಂಬತ್ತೂವರೆಗೇ ಗಾಲಿಗಳ ಮೇಲೆ ನಿಂತ ಅವನ ಟ್ರೈಲರ್ ಮನೆಯ ಮುಂದೆ ಕಾರು ನಿಲ್ಲಿಸಿದಳು. ಒಳಗೆ ಹೋದರೆ ಶರ್ಲಿ ಮಾಮ ಸೋಫಾದ ಮೇಲೆ ಕಾಲು ಚಾಚಿ, ಒಂದು ಕೈ ಸೊಂಟದ ಮೇಲಿಟ್ಟು, ಮೇಲುಸಿರು ಬಿಡುತ್ತ ಕೂತಿದ್ದ. ಅವನ ಅಂಗಿಯೊಳಗೆ ಸರ್ಕಾರ ಕಳಿಸಿದ ದಿಂಬು ಸೇರಿಕೊಂಡಿತ್ತು. ಹೊಟ್ಟೆ ಅಡ್ಡಡ್ಡ ಬೆಳೆದು, ಒಂದು ತುದಿ ಎಡಗಂಕುಳಲ್ಲಿ ಇಣುಕುತ್ತಿತ್ತು.

"ಮಾಮ! ತೆಗಿ ಅದನ್ನ!"

"ಬಿಡೆ. ಅರ್ಧ ಗಂಟೆ ಹೊತ್ಕೊಂಡ್ರೆ ಮುಗೀತು. ನಿಮ್ಮವ್ವ ನಿನ್ನ ಒಂಬತ್ತು ತಿಂಗ್ಳು ಹೊರ್ಲಿಲ್ವಾ?"

"ಮೀಸೆ?"

ಅವನು ಮೀಸೆ ಮುಟ್ಟಿ ನೋಡಿಕೊಂಡ. ಅದರ ಯೋಚನೆ ಬಂದಿರಲಿಲ್ಲವೆಂದು ಕಾಣುತ್ತದೆ. "ನಮ್ಮ ಅತ್ತೆಗೂ ಇತ್ತು," ಅಂದ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ನರ್ಸ್ ಟಾನ್ಯಾ ಹಾಲ್‌ಬ್ರುಕ್ ಒಂದು ಕೈಯಲ್ಲಿ ತೂಕದ ಯಂತ್ರ, ಇನ್ನೊಂದರಲ್ಲಿ ಫಾರಂ ಹಿಡಿದು ಒಳಗೆ ಬಂದಳು. ಗಟ್ಟಿಮುಟ್ಟಾದ ಹೆಂಗಸು, ಮುಖದಲ್ಲಿ ನಗುವೆಂಬುದು ಹೆಸರಿಗೂ ಇಲ್ಲ. ಸೋಫಾದ ಎದುರು ಕುರ್ಚಿ ಎಳೆದುಕೊಂಡು ಕೂತು ಪೆನ್ನು ತೆಗೆದಳು.

"ಶರ್ಲಿ ರ‍್ಯಾಟ್ಲಿಫ್ ಅವರು?"

"ನಾನೇ ಕಣಮ್ಮ."

ಅವಳು ಮೀಸೆ ನೋಡಿದಳು, ಫಾರಂ ನೋಡಿದಳು, ಕಂಕುಳಿಗೆ ಜಾರಿದ ಹೊಟ್ಟೆ ನೋಡಿದಳು. "ಎಷ್ಟು ತಿಂಗಳಾಯ್ತು?"

"ಆರು. ಡಾಕ್ಟ್ರು ಕಿತ್ತು ಆರು ತಿಂಗ್ಳು ಆಯ್ತು."

"ಕಿತ್ತು?"

"ಒಂಬತ್ತು ಒಟ್ಟಿಗೆ ಕಿತ್ರು."

ಟಾನ್ಯಾ ಆ ಉತ್ತರವನ್ನು ಬರೆಯಲೋ ಬೇಡವೋ ಎಂದು ಒಂದು ಗಳಿಗೆ ತಡೆದಳು. "ಒದೆತ ಗೊತ್ತಾಗ್ತಾ ಇದೆಯಾ?"

"ಹೋದ ವರ್ಫ ಒಂದು ಹೋರಿ ಒದ್ದಿತ್ತು. ಈಗ್ಲೂ ಚಳಿಗೆ ನೋವು ಬರುತ್ತೆ."

ಡ್ರೂಸಿಲಾಗೆ ತಡೆಯಲಾಗಲಿಲ್ಲ. "ಅಮ್ಮಾ, ನಿಲ್ಸಿ!" ಎಂದು ಎದ್ದು ನಿಂತು, ಹತ್ತೂ ಗುಲಾಬಿ ಉಗುರುಗಳನ್ನು ಮುಂದೆ ಚಾಚಿದಳು. "ಇದರಲ್ಲಿ ಅವರ ತಪ್ಪೇನೂ ಇಲ್ಲ. ಈ ಬಸಿರಿಗೆ ಕಾರಣ ನಾನು!"

 ತಾನೇನು ಹೇಳಿದೆನೆಂದು ಅವಳಿಗೆ ಆಮೇಲೆ ಹೊಳೆದು, ಕಿವಿಯವರೆಗೂ ಕೆಂಪಾದಳು. ಆಮೇಲೆ ಉಗುರು, ಕೆ, ಓ, ಶುಕ್ರವಾರ, ಶನಿವಾರದ ಹರಾಜು ಎಲ್ಲವನ್ನೂ ಒಂದೇ ಉಸಿರಿಗೆ ಒದರಿದಳು.

ಟಾನ್ಯಾ ಪೆನ್ನಿನ ಮುಚ್ಚಳ ಹಾಕಿದಳು. "ಹದಿನೇಳು ವರ್ಷದಿಂದ ಬಸುರಿಯರನ್ನ ನೋಡ್ತಾ ಇದೀನಿ. ಮೀಸೆ ನೋಡಿದ ಕೂಡ್ಲೇ ಸ್ವಲ್ಪ ಅನುಮಾನ ಬಂತು." ಮತ್ತೆ ಮುಚ್ಚಳ ತೆಗೆದಳು. "ಆದ್ರೆ ಫಾರಂ ತೆರೆದಾಗಿದೆ. ತೂಕ ಬರೀದೆ ಇದನ್ನ ಮುಚ್ಚೋಕೆ ಬರಲ್ಲ. ಬಸುರಿ ಆಗಿರಿ, ಬಿಡಿ, ಮೇಲೆ ಹತ್ತಿ. ಮಗೂನ ಸೋಫಾ ಮೇಲೆ ಇಟ್ಟು ಹತ್ತಿ."

ಶರ್ಲಿ ಮಾಮ ದಿಂಬನ್ನು ಎಳೆದು ತೆಗೆದ. ಅದು ಹೋದ ಮೇಲೆ ಅಂಗಿ ಅವನ ಮೈಮೇಲೆ ಗೂಟಕ್ಕೆ ತಗುಲಿಹಾಕಿದ ಹಾಗೆ ಜೋತುಬಿತ್ತು. ಡ್ರೂಸಿಲಾ ಅದನ್ನು ಆಗ ನೋಡಿದಳು. ಚಳಿಗಾಲದುದ್ದಕ್ಕೂ ಅವನು ದಪ್ಪ ಕೋಟಿನಲ್ಲೇ ಕ್ಲಿನಿಕ್ಕಿಗೆ ಬರುತ್ತಿದ್ದ.

"ನೂರ ಐವತ್ತೊಂಬತ್ತು ಪೌಂಡ್," ಅಂದಳು ಟಾನ್ಯಾ. "ಮುಂಚೆ ಎಷ್ಟಿತ್ತು?"

"ಇಫ್ಟೇ ಇತ್ತು."

ಟಾನ್ಯಾ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಕಣ್ಣು ಸೋಫಾದ ಮೇಲಿನ ಗೋಡೆಯಲ್ಲಿತ್ತು. ಅಲ್ಲಿ ಚೌಕಟ್ಟು ಹಾಕಿದ ಒಂದು ಚೀಟಿ ತೂಗುತ್ತಿತ್ತು. ಪ್ರತಿ ವರ್ಷ ಅಕ್ಟೋಬರಿನಲ್ಲಿ, ಹರಾಜು ಮುಗಿದ ಮೇಲೆ, ಕೊಟ್ಟಿಗೆಯವರೆಲ್ಲ ಸೇರಿ ಶರ್ಲಿ ಮಾಮನನ್ನು ದನದ ತಕ್ಕಡಿಯ ಮೇಲೆ ಹತ್ತಿಸಿ, ಚೀಟಿ ಹೊಡೆಸಿ ನಗಾಡುವುದು ವಾಡಿಕೆ. ಚೀಟಿಯಲ್ಲಿ ಹೋದ ಅಕ್ಟೋಬರಿನ ತಾರೀಖಿತ್ತು, 'ಹೋರಿ, ಒಂದು, ನೂರ ತೊಂಬತ್ತು ಪೌಂಡ್' ಎಂದಿತ್ತು, ಕೆಳಗೆ ರಾಜ್ಯದ ತೂಕದ ಇಲಾಖೆಯ ಮುದ್ರೆಯಿತ್ತು. ದನದ ತಕ್ಕಡಿಯಷ್ಟು ಕಟ್ಟುನಿಟ್ಟಾಗಿ ಸರ್ಕಾರ ಇನ್ಯಾವುದನ್ನೂ ಪರೀಕ್ಷೆ ಮಾಡುವುದಿಲ್ಲ.

"ಮೂವತ್ತೊಂದು ಪೌಂಡ್ ಇಳಿದಿದೀರ," ಅಂದಳು ಟಾನ್ಯಾ. "ಇವತ್ತು ಬೆಳಿಗ್ಗೆ ಏನು ತಿಂದ್ರಿ?"

"ಹಂದಿ ಮಾಂಫ. ಜೋಳದ ತೆನೆ."

ಅವಳು ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆರೆದಳು. ಒಂದು ಜಗ್ ಮಜ್ಜಿಗೆ, ಅದರಲ್ಲಿ ನೆನೆಹಾಕಿ ಗಂಜಿಯಾದ ಜೋಳದ ರೊಟ್ಟಿ, ಮಕ್ಕಳು ತಿನ್ನುವ ಪುಡಿಂಗಿನ ಡಬ್ಬಿಗಳು ಸಾಲಾಗಿ. ಬೇರೇನೂ ಇರಲಿಲ್ಲ. ಶರ್ಲಿ ಮಾಮ ಕಿಟಕಿಯ ಕಡೆ ತಿರುಗಿ, ಹೊರಗೆ ಯಾರೋ ಬಂದರೆನ್ನುವ ಹಾಗೆ ನೋಡತೊಡಗಿದ.

ಡ್ರೂಸಿಲಾಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಅವನ ಮೇಲೆ ಅರ್ಧ, ತನ್ನ ಮೇಲೆ ಪೂರ್ತಿ. "ಮೂರು ಸಲ ಕೇಳಿದ್ನಲ್ಲ ಮಾಮ! ತಿಂತೀನಿ ಅಂದ್ಯಲ್ಲ!"

"ನೀನು ಕೇಳ್ದಾಗ ಆ ಕುರ್ಚಿಲೆಲ್ಲಾ ಜನ ಇದ್ರು ಡ್ರೂ," ಅಂದ ಅವನು, ತಿರುಗದೆ. "ಮುದುಕ ಮಕ್ಕಳ ತಿಂಡಿ ತಿಂತಾನೆ ಅಂತ ಎಲ್ಲರ ಮುಂದೆ ಹೆಂಗ್ ಹೇಳ್ಲಿ?"

ಇಪ್ಪತ್ತಾರು ವರ್ಷ ಅವಳು ಎಲ್ಲರನ್ನೂ ಕೌಂಟರಿನ ಈಚೆಯಿಂದ, ದೊಡ್ಡ ದನಿಯಲ್ಲಿ, ಆ ಪ್ರಶ್ನೆ ಕೇಳಿದ್ದಳು. ಎಲ್ಲರೂ ಹೌದು ಅಂದಿದ್ದರು. ಅವಳು ಎಲ್ಲರಿಗೂ ಗುರುತು ಹಾಕಿದ್ದಳು.

ಟಾನ್ಯಾ ಚೀಟಿಯ ಫೋಟೊ ತೆಗೆದುಕೊಂಡು, ಫಾರಮ್ಮಿನ ಕೆಳಗೆ ನಾಲ್ಕು ಸಾಲು ಬರೆದು, ಸಹಿ ಹಾಕಿ ಹರಿದುಕೊಟ್ಟಳು. "ನಾನು ಬರೆದದ್ದು ಬಸುರಿಯ ತೂಕ ಅಲ್ಲ, ಮನುಷ್ಯನ ತೂಕ. ಇದನ್ನಿಟ್ಟು ವಿನಾಯಿತಿ ಕೇಳಿ. ಅವಸರದ್ದು ಅಂತ ಮೇಲೆ ಬರೀರಿ, ಎರಡು ದಿನದಲ್ಲಿ ಉತ್ತರ ಕೊಡಲೇಬೇಕು." ಹೊರಡುವಾಗ ಬಾಗಿಲಲ್ಲಿ ನಿಂತು, ಅದೇ ಕಲ್ಲಿನಂಥ ಮುಖದಲ್ಲಿ, "ದಿಂಬು ಇಟ್ಕೊಳ್ಳಿ. ವಾಪಸ್ ತಗೊಳ್ಳೋಕೆ ನಮ್ಮ ಹತ್ರ ಫಾರಂ ಇಲ್ಲ," ಅಂದಳು.

ಡ್ರೂಸಿಲಾ ಕ್ಲಿನಿಕ್ಕಿಗೆ ಬಂದವಳೇ ಡಾಕ್ಟರ ಕತ್ತರಿ ತೆಗೆದುಕೊಂಡು ಹತ್ತೂ ಉಗುರುಗಳನ್ನು ಕಟಕಟನೆ ಕತ್ತರಿಸಿದಳು. ಹರಳಿನ ತುಣುಕುಗಳು ಡಾಕ್ಟರ ಕಾಫಿಗೆ ಹಾರಿದವು. ಆಮೇಲೆ ಹಳೆಯ ಮಂಜೂರಾತಿಯನ್ನು ರದ್ದು ಮಾಡಲು ಕೂತಳು. ಕಂಪ್ಯೂಟರು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? 'ಗರ್ಭ ಎಂದು ಕೊನೆಗೊಂಡಿತು?' ಎಂದು ಕೇಳಿತು. ಇವತ್ತಿನ ತಾರೀಖು ಹಾಕಿದಳು. 'ಹೇಗೆ?' ಎಂದಿತು. ಕೊಟ್ಟಿದ್ದ ಉತ್ತರಗಳಲ್ಲಿ 'ಇರಲೇ ಇಲ್ಲ' ಎಂಬುದು ಇರಲಿಲ್ಲ. 'ಇತರೆ' ಒತ್ತಿದಳು. 'ವಿವರಿಸಿ, ಇಪ್ಪತ್ತು ಅಕ್ಷರ ಮೀರದಂತೆ.'

ಅವಳು ಬಹಳ ಹೊತ್ತು ಯೋಚಿಸಿದಳು. ಕೊನೆಗೆ 'ಉಗುರು' ಎಂದು ಬರೆದಳು. ಖಚಿತವೇ ಎಂದು ಕಂಪ್ಯೂಟರು ಒಂಬತ್ತು ಸಲ ಕೇಳಿತು. ಒಂಬತ್ತು ಸಲವೂ ಪೂರ್ತಿ ಓದಿ 'ಹೌದು' ಒತ್ತಿದಳು. ಡ್ರಾಯರಿನಲ್ಲಿದ್ದ ಹಲ್ಲು ಆ ಕ್ಷಣದಿಂದ ಯಾರದೂ ಅಲ್ಲವಾಯಿತು. ಅವಳು ಹೊಸ ಅರ್ಜಿ ತೆರೆದಳು. ಈ ಸಲ ಕೆ ಅಕ್ಷರ ಕೆ ಆಗಿಯೇ ಬಂತು. ಊಟದ ಪ್ರಶ್ನೆಗೆ 'ಇಲ್ಲ' ಎಂದು ಗುರುತು ಹಾಕಿದಳು.

ಗುರುವಾರ ಶರ್ಲಿ ಮಾಮ ಬಂದ, ಕಾದ, ಹೋದ. ಶುಕ್ರವಾರ ಬೆಳಿಗ್ಗೆ ಬಂದು ಕೂತವನು ಹೋಗಲೇ ಇಲ್ಲ. ಮಧ್ಯಾಹ್ನ ಮೂರು ಗಂಟೆಗೆ ರಾಜಧಾನಿಯಿಂದ ಫೋನು ಬಂತು. ಆ ಕಡೆಯ ಹೆಂಗಸಿನ ದನಿ ಸೋತುಹೋಗಿತ್ತು.

"ಮಲಿನ್ಸ್ ಅವರೇ, ನಿಮ್ಮ ರೋಗಿಯ ಕಾಗದ ನೋಡ್ತಾ ಇದೀನಿ. ಒಂದು ಕಾಗದದಲ್ಲಿ ಗರ್ಭಿಣಿ ಅಂತಿದೆ. ಇನ್ನೊಂದರಲ್ಲಿ ಹೋರಿ ಅಂತಿದೆ. ದಯವಿಟ್ಟು ಒಂದೇ ಮಾತು ಹೇಳಿ, ಇವರು ಯಾರು?"

ಡ್ರೂಸಿಲಾ ಕಾಯುತ್ತಿದ್ದವರ ಕುರ್ಚಿಗಳನ್ನು ನೋಡಿದಳು. ಎದ್ದು, ಫೋನಿನ ತಂತಿ ಎಳೆಯುವಷ್ಟು ದೂರ ಒಳಗೆ ಹೋಗಿ, ಬಾಗಿಲು ಮರೆಮಾಡಿಕೊಂಡು ಮೆಲ್ಲಗೆ ಹೇಳಿದಳು. "ಹರಾಜು ಕೂಗೋ ಮನುಷ್ಯ ಅಮ್ಮಾ. ಹಲ್ಲಿಲ್ಲ. ಆರು ತಿಂಗಳಿಂದ ಮಜ್ಜಿಗೇಲಿ ನೆನೆಸಿದ ರೊಟ್ಟಿ ತಿಂದ್ಕೊಂಡು, ಮಾಂಸ ತಿಂತೀನಿ ಅಂತ ಸುಳ್ಳು ಹೇಳ್ತಾ ಬದುಕಿದಾರೆ. ನಾನು ಅದನ್ನ ನಂಬಿ ಮೂರು ಸಲ ಬರೆದು ಕಳಿಸಿದೆ. ತಪ್ಪು ನಂದು. ಹಲ್ಲು ಅವರಿಗೆ ಬೇಕು."

 "ನಮ್ಮಪ್ಪನೂ ಹಾಗೇ ಹೇಳ್ತಿದ್ರು," ಅಂದಿತು ಆ ಕಡೆಯ ದನಿ. "ಚೆನ್ನಾಗಿ ತಿಂತೀನಿ ಅಂತ." ಫೋನು ಕಟ್ಟಾಯಿತು.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮೂಲೆಯ ಫ್ಯಾಕ್ಸ್ ಯಂತ್ರ ಗೊರಗುಟ್ಟಿ ಒಂದು ಹಾಳೆ ಉಗುಳಿತು. 'ಮಂಜೂರು. ಕಾರಣ: ಆರೋಗ್ಯ.' ಡಾಕ್ಟರ್ ಪ್ರಾಫಿಟ್ ಕೈಗವಸು ಹಾಕಿಕೊಂಡೇ ನಿಂತಿದ್ದರು.

ಶನಿವಾರ ದನದ ಕೊಟ್ಟಿಗೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗ್ರೋವರ್ ಸ್ಲೋನನ ಅಳಿಯ ಹೊಸ ಟೋಪಿ ಹಾಕಿಕೊಂಡು ಮೈಕಿನ ಪಕ್ಕದಲ್ಲೇ ನಿಂತಿದ್ದ. ಹೋದ ಸಲ ಹೋರಿಯ ಒಡತಿಯಾದ ವಿಧವೆ ಹುಷಾರಾಗಿ ಹಿಂದಿನ ಸಾಲಿನಲ್ಲಿ, ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದಳು. ಡ್ರೂಸಿಲಾ ಮುಂದಿನ ಸಾಲಿನಲ್ಲಿ ಕೂತಳು. ಶರ್ಲಿ ಮಾಮ ಮೆಟ್ಟಿಲು ಹತ್ತಿ, ಅಳಿಯನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಮೈಕು ಹಿಡಿದು, ಬಾಯಿ ತೆರೆದ.

ಹಲ್ಲು ಸ್ವಲ್ಪ ದೊಡ್ಡದಾಯಿತೇನೋ, ಮುಖಕ್ಕಿಂತ ಅದೇ ಮೊದಲು ಕಾಣುತ್ತಿತ್ತು. ಆದರೆ ದನಿ! ಅರವತ್ತು ಅರವತ್ತಾಗಿಯೇ ಬಂತು, ಎಪ್ಪತ್ತು ಎಪ್ಪತ್ತಾಗಿಯೇ ಬಂತು, ನಡುವೆ ಉಸಿರಾಡಲು ಬಿಡದೆ ಗಿರಗಿರನೆ ಸುತ್ತುತ್ತ ಸೂರಿಗೆ ತಾಗಿ ವಾಪಸ್ ಬಂತು. ಮೂರು ಹೋರಿ, ಎರಡು ಕರು, ಒಂದು ಹಿಂಡು ಕುರಿ ಕಣ್ಣುಮು‌ಚ್ಚಿ ಬಿಡುವಷ್ಟರಲ್ಲಿ ಮಾರಾಟವಾದವು. ಅಳಿಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಆಮೇಲೆ ಒಂದು ದಪ್ಪ ಹೊಟ್ಟೆಯ ಕಂದು ಮೇಕೆಯನ್ನು ಕಣಕ್ಕೆ ತಂದರು. ಶರ್ಲಿ ಮಾಮ ಕೂಗುತ್ತ ಕೂಗುತ್ತ ಕೆಳಗೆ ನೋಡಿದವನು ಅವಳನ್ನು ಕಂಡು, ದೊಡ್ಡ ಹೊಸ ಹಲ್ಲು ಪೂರ್ತಿ ತೋರಿಸಿ ನಕ್ಕ. ಡ್ರೂಸಿಲಾಗೆ ಕಣ್ಣು ತುಂಬಿಬಂತು. ಒರೆಸಿಕೊಳ್ಳಲು ಕೈ ಎತ್ತಿದಳು.

"ಮಾರಿದೆ!" ಎಂದು ಸುತ್ತಿಗೆ ಬಡಿದ ಅವನು. ಸಕಾರಕ್ಕೆ ಸಕಾರ ಕೂಡಿಸಿ, ಆರು ತಿಂಗಳಿಂದ ಬಾಯಲ್ಲಿ ಇಟ್ಟುಕೊಂಡಿದ್ದನ್ನೆಲ್ಲ ಮೈಕಿಗೆ ಸುರಿದ. "ಡ್ರೂಸಿಲಾ ಮಲಿನ್ಸ್ ಅವರಿಗೆ ಮಾರಿದೆ! ಸರಿಯಾಗಿ ಕೇಳಿಸ್ಕೋ ಡ್ರೂಸಿಲಾ, ಈ ಮೇಕೆ ಗಬ್ಬ ಆಗೈತೆ! ಈ ಸಲ ನಿಜವಾಗ್ಲೂ! ಓ ಅಂತಲೇ ಬರ್ಕೊ!"